ಮೇಷ್ಟರ ದೋಣಿಯ ಟ್ಯಾಂಕಿನಲ್ಲಿ ಸಿಕ್ಕಿದ್ದು

ಬಂದರಿನ ದೋಣಿ ದಕ್ಕೆಯ ಜನ ಆಕೆಯ ನಿಜವಾದ ಹೆಸರು ಮರೆತು ಮೂವತ್ತು ವರ್ಷವಾದರೂ ಆಗಿರಬೇಕು. ಎಲ್ಲರ ಬಾಯಲ್ಲೂ ಆಕೆ ಗುಳ್ಳೆಯಕ್ಕ. ಮುಖದ ಮೇಲೆ ಗುಳ್ಳೆ ಇದೆಯೆಂದು ಯಾರೂ ತಿಳಿಯಬೇಡಿ. ಐವತ್ತೆಂಟರಲ್ಲಿ ಅಂಥ ನುಣುಪು ಕೆನ್ನೆ ಆ ಬೀದಿಯಲ್ಲಿ ಇನ್ನೊಬ್ಬರಿಗಿಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕರೆ ದೋಣಿಯ ಇಂಜಿನ್ ಗಕ್ಕನೆ ನಿಂತುಬಿಡುತ್ತದೆ. ಆಗ ಫಿಲ್ಟರಿನ ನೆತ್ತಿಯ ಮೇಲಿರುವ ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಆಕೆ ಆ ಸ್ಕ್ರೂಗೆ ಮೂಗು ತಾಗುವಷ್ಟು ಬಗ್ಗಿ, "ಇನ್ನೊಂದು ಗುಳ್ಳೆ... ಇನ್ನೊಂದು... ಹಾಂ, ನಿಂತ್ತು ನೋಡು!" ಎಂದು ದಕ್ಕೆಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಹೆಸರು ಅಂಟಿಕೊಳ್ಳಲು ಅಷ್ಟು ಸಾಕು. ಆಕೆಗೂ ಬೇಸರವಿಲ್ಲ. ಷೆಡ್ಡಿನ ಬಾಗಿಲ ಮೇಲೆ ತಾನೇ ಬಣ್ಣದಲ್ಲಿ ಮೂರು ಗುಳ್ಳೆ ಬರೆದುಕೊಂಡಿದ್ದಾಳೆ.

ಅಪ್ಪ ದೋಣಿ ಇಂಜಿನ್ನುಗಳ ಮೆಕ್ಯಾನಿಕ್ ಆಗಿದ್ದ. ಮಗಳು ನಡೆಯಲು ಕಲಿತದ್ದೇ ಸ್ಪ್ಯಾನರ್ ಪೆಟ್ಟಿಗೆ ಹಿಡಿದು. ಗಂಡ ಹಾಯಿ ಹೊಲಿಯುವವನು. ಅವಳ ಷೆಡ್ಡಿನ ಅಟ್ಟದ ಮೇಲೇ ಅವನ ಹೊಲಿಗೆ ಯಂತ್ರ. ಕೆಳಗೆ ಡೀಸೆಲ್ ವಾಸನೆ, ಮೇಲೆ ಹೊಸ ಬಟ್ಟೆಯ ವಾಸನೆ. ಇಡೀ ದಿನ ಮೆಟ್ಟಿಲ ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ ಮಾತು ಹರಿದಾಡುತ್ತಿರುತ್ತದೆ.

"ಇವಳೇ, ಗಾಳಿಗೆ ಫಿಲ್ಟರ್ ಹಾಕ್ಬೇಕಾ? ವಾಷರ್ ಬೇಕಾ? ಸುಮ್ನೆ ಹಾಯಿ ಬಿಚ್ಚು, ಹೋಗ್ತಾ ಇರು" ಎಂದು ಅವನು.

"ಹೌದೌದು, ಗಾಳಿ ನಿಂತ ದಿನ ನಿಮ್ಮ ಹೊಲಿಗೆ ಯಂತ್ರಾನ ದೋಣಿಗೆ ಕಟ್ಟಿ ತುಳೀರಿ, ತಿಳೀತಾ?" ಎಂದು ಇವಳು.

ಮೂವತ್ತು ವರ್ಷದಿಂದ ಇದೇ ಜಗಳ, ಇದೇ ನಗು. ಬೇರೆ ಜಗಳಕ್ಕೆ ಇಬ್ಬರಿಗೂ ಪುರುಸೊತ್ತು ಸಿಕ್ಕಿಲ್ಲ.

ಆಕೆಯ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಯಾವ ದೋಣಿಯಲ್ಲಿ ಏನು ಬಿಚ್ಚಿದರೂ, ಏನು ಕೂಡಿಸಿದರೂ, ಅದನ್ನೊಂದು ಚೀಟಿಯಲ್ಲಿ ಬರೆದು ಇಂಜಿನ್ ಮುಚ್ಚಳದ ಒಳಮೈಗೆ ಅಂಟಿಸುವುದು. ತಾರೀಕು, ಕೆಲಸ, ಕೆಳಗೆ ರುಜು. "ನಾಳೆ ನಾನೇ ಸತ್ತೆ ಅನ್ನು. ಬೇರೆಯವನು ಬಂದು ಮುಚ್ಚಳ ತೆಗೆದ್ರೆ ಅವನಿಗೆ ಗೊತ್ತಾಗ್ಬೇಕು" ಎನ್ನುತ್ತಿದ್ದಳು. ದಕ್ಕೆಯ ದೋಣಿಗಳಲ್ಲೆಲ್ಲ ಈ ಚೀಟಿಗಳ ಮೇಲೆ ಚೀಟಿ. ಒಂದೇ ಒಂದು ದೋಣಿಯಲ್ಲಿ ಮಾತ್ರ ಈ ಕಟ್ಟುಪಾಡನ್ನು ಆಕೆ ಗುಟ್ಟಾಗಿ ಮುರಿಯುತ್ತಿದ್ದಳು. ಅದು ಮೇಷ್ಟರ ದೋಣಿ.

ಮೇಷ್ಟರು ಆಕೆಗೆ ಶಾಲೆಯಲ್ಲಿ ಗಣಿತ ಕಲಿಸಿದವರು. ಕಲಿಸಿದವರು ಎನ್ನುವುದಕ್ಕಿಂತ ಗಣಿತದ ಬಾಯಿಂದ ಹೊರಗೆಳೆದು ಉಳಿಸಿದವರು ಎನ್ನಬೇಕು. ಹುಡುಗಿ ಎರಡು ಸಲ ನಪಾಸಾಗಿ ಶಾಲೆ ಬಿಡುವುದರಲ್ಲಿದ್ದಳು. ಆ ಮನುಷ್ಯ ಪುಸ್ತಕ ಮುಚ್ಚಿಟ್ಟು, ಒಂದು ತಿಂಗಳು ಸಂಜೆ ಸಂಜೆ ಅವಳಪ್ಪನ ಷೆಡ್ಡಿಗೇ ಬಂದು, ಪಿಸ್ಟನ್ನಿನ ಅಗಲ ಅಳೆಯಿಸಿ, ಅದರಿಂದಲೇ ಕ್ಷೇತ್ರಫಲ, ಅದರಿಂದಲೇ ಭಿನ್ನರಾಶಿ ಹೇಳಿಕೊಟ್ಟರು. ಅವಳು ಪಾಸಾದಳು. ಕೈಪಿಡಿ ನೋಡಿ ಕೆಲಸ ಮಾಡುವ ಮೊದಲ ಮೆಕ್ಯಾನಿಕ್ ಆ ದಕ್ಕೆಗೆ ಸಿಕ್ಕಿದ್ದು ಹಾಗೆ.

ಆ ಋಣವನ್ನು ಮೇಷ್ಟರು ಋಣವೆಂದು ಒಪ್ಪಿದರೆ ತಾನೇ? "ಕಲಿಸೋದು ನನ್ನ ಕೆಲಸ, ಕಲಿಸಿದೆ. ಅದರಲ್ಲೇನು ದೊಡ್ಡಸ್ತಿಕೆ?" ಎಂದುಬಿಡುತ್ತಿದ್ದರು. ಬಿಟ್ಟಿ ಎಂಬ ಪದ ಕೇಳಿದರೇ ಅವರ ಮೀಸೆ ನೆಟ್ಟಗಾಗುತ್ತಿತ್ತು. ಆಕೆ ಒಂದು ಬೋಲ್ಟನ್ನು ಹೆಚ್ಚಿಗೆ ಹಾಕಿದ್ದು ಗೊತ್ತಾದರೆ ಷೆಡ್ಡಿಗೆ ಬಂದು, ಅದಕ್ಕೊಂದು ಬಿಲ್ಲು ಬರೆಯುವ ತನಕ ಕದಲದೆ ನಿಲ್ಲುತ್ತಿದ್ದರು. ಎಂಥ ಹಠಮಾರಿ ಮುದುಕ! ಆಕೆಯೇನು ಕಡಿಮೆಯೇ? ಅವರಿಗೆ ಗೊತ್ತಾಗದಂತೆ ಮಾಡತೊಡಗಿದಳು. ಒಂದು ವರ್ಷ ಇಂಜಿನ್ ಕಾಲಿನ ಕೆಳಗೆ ದಪ್ಪ ರಬ್ಬರು, ಇನ್ನೊಂದು ವರ್ಷ ಫಲಕದ ಹಿಂದೆ ಒಂದು ಹೊಸ ಬೆಲ್ಟು, ಹೀಗೆ. ಚೀಟಿ ಬರೆದರೆ ಸಿಕ್ಕಿಬೀಳುತ್ತಿದ್ದಳು, ಆದ್ದರಿಂದ ಬರೆಯಲಿಲ್ಲ.

ಈಗ ಅದೇ ದೋಣಿ ಆಕೆಯ ಮಾನ ಹರಾಜು ಹಾಕುತ್ತಿತ್ತು. ಮೇಷ್ಟರೂ ಅವರ ಹೆಂಡತಿಯೂ ವಾರಕ್ಕೊಮ್ಮೆ ಆ ಪುಟ್ಟ ಹಾಯಿದೋಣಿಯಲ್ಲಿ ಹೊರಗೆ ಹೋಗಿ ಸಂಜೆಗೆ ಬರುವವರು. ಬಂದರಿನ ಬಾಯಿ ಇಕ್ಕಟ್ಟು. ಅಲ್ಲಿ ಹಾಯಿ ಬಿಚ್ಚುವಂತಿಲ್ಲ, ಇಂಜಿನ್ನಿನಲ್ಲೇ ದಾಟಬೇಕು. ಅಂಥ ಜಾಗದಲ್ಲಿ, ಸರಕಿನ ಹಡಗಿನ ಮೂಗಿನೆದುರಿಗೇ, ಮೇಷ್ಟರ ಇಂಜಿನ್ ಕೆಮ್ಮಿ ನಿಂತಿತು. ಮೊದಲ ಸಲ ಗುಳ್ಳೆಯಕ್ಕ ಎರಡೂ ಫಿಲ್ಟರು ಬದಲಿಸಿ, ಗಾಳಿ ತೆಗೆದು, "ಇನ್ನು ಹೋಗಿ ಬನ್ನಿ" ಎಂದಳು. ಮೂರನೇ ವಾರ ಮತ್ತೆ ಅದೇ ಜಾಗದಲ್ಲಿ ನಿಂತಿತು. ಎರಡನೇ ಸಲ ರಬ್ಬರ್ ಪೈಪು ಬದಲಿಸಿದಳು, ತಾಮ್ರದ ವಾಷರುಗಳನ್ನೆಲ್ಲ ಹೊಸದು ಹಾಕಿದಳು, ಡೀಸೆಲ್ ಎಳೆಯುವ ಪಂಪನ್ನು ಬಿಚ್ಚಿ ಅದರ ಪೊರೆ ಬದಲಿಸಿದಳು. ಐದೇ ದಿನಕ್ಕೆ ಮತ್ತೆ ನಿಂತಿತು.

ಬಂದರಿನ ಅಧಿಕಾರಿ ಕೊರಳಿಗೆ ಯಾವಾಗಲೂ ಸೀಟಿ ನೇತುಹಾಕಿಕೊಂಡಿರುವ ಮನುಷ್ಯ. ದಕ್ಕೆಯವರು ಇಟ್ಟ ಹೆಸರು ಸೀಟಿ ಸಾಹೇಬ. ಕೆಟ್ಟವನಲ್ಲ, ಹೆದರುಪುಕ್ಕಲ. ಅವನು ಮೇಷ್ಟರನ್ನು ಕಟ್ಟೆಯ ಮೇಲೇ ನಿಲ್ಲಿಸಿ ಹೇಳಿದ: "ನೋಡಿ ಸರ್, ನಂಗೂ ಮನಸ್ಸಿಲ್ಲ. ಆದ್ರೆ ಯಾರಾದ್ರೂ ಸತ್ರೆ ನನ್ನ ತಲೆ ಹೋಗುತ್ತೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೇ ದೋಣೀಲಿ ಕೂತ್ಕೋತೀನಿ. ನಲವತ್ತು ನಿಮಿಷ ಇಂಜಿನ್ ನಿಲ್ಲದೆ ಓಡ್ಬೇಕು. ನಿಂತ್ರೆ ದೋಣಿ ಇಲ್ಲಿಂದ ತೆಗೀಬೇಕು."

ತೆಗೆದು ಎಲ್ಲಿಗೆ ಒಯ್ಯುವುದು? ಹತ್ತಿರದಲ್ಲಿ ಬೇರೆ ಬಂದರಿಲ್ಲ. ತೆಗೆಯುವುದೆಂದರೆ ಮಾರುವುದೆಂದೇ ಅರ್ಥ. ಎಪ್ಪತ್ತಾರರ ಮೇಷ್ಟರು ದೋಣಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು. ಅವರ ಹೆಂಡತಿಗೆ ಒಂದು ಗಂಟೆ ಬಾಯಿ ಮುಚ್ಚಿ ಗೊತ್ತಿಲ್ಲ. ಆಕೆ ಕೂಡ ಅಂದು ಸುಮ್ಮನಿದ್ದರು.

ಬುಧವಾರ ಗುಳ್ಳೆಯಕ್ಕ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಮೇಷ್ಟರ ದೋಣಿಯಲ್ಲಿ ಕೂತಳು. ಇಂಜಿನ್ ಚೆನ್ನಾಗಿ ಚಾಲೂ ಆಗುತ್ತದೆ. ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಉಸಿರು ಸಿಕ್ಕದವರಂತೆ ಏದುತ್ತದೆ, ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಎಂಥ ಠಕ್ಕ ಇಂಜಿನ್!

"ನಾಝಲ್ ಕೆಟ್ಟಿದ್ರೆ ಹೊಗೆ ಬರ್ಬೇಕಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. "ಟ್ಯಾಂಕಿಗೆ ಗಾಳಿ ಹೋಗೋ ಕೊಳವೆ ಕಟ್ಕೊಂಡಿದ್ರೆ, ಮುಚ್ಚಳ ತೆಗೆದಾಗ ಬುಸ್ ಅನ್ಬೇಕಿತ್ತು." ಮುಚ್ಚಳ ತೆಗೆದಳು. ಬುಸ್ ಎನ್ನಲಿಲ್ಲ.

ಆಮೇಲೆ ಅಪ್ಪ ಹೇಳಿಕೊಟ್ಟ ಉಪಾಯ ಮಾಡಿದಳು. ಒಂದು ಕ್ಯಾನಿನ ತುಂಬ ಸೋಸಿದ ಡೀಸೆಲ್ ತಂದು, ಟ್ಯಾಂಕಿನ ಪೈಪನ್ನು ಕಳಚಿ, ಕ್ಯಾನಿನಿಂದಲೇ ನೇರವಾಗಿ ಇಂಜಿನ್ನಿಗೆ ಉಣಿಸಿದಳು. ದೋಣಿಯನ್ನು ನಾಲ್ಕು ಹಗ್ಗದಲ್ಲಿ ಬಿಗಿದು, ಗೇರು ಹಾಕಿ, ಹೊರಗೆ ಸಮುದ್ರದಲ್ಲಿ ದುಡಿಯುವಷ್ಟೇ ದುಡಿಸಿದಳು. ಮೇಷ್ಟರು ಕೈಗಡಿಯಾರ ಹಿಡಿದು ಪರೀಕ್ಷೆಯ ಕೋಣೆಯಲ್ಲಿ ನಿಂತವರಂತೆ ನಿಮಿಷ ಹೇಳುತ್ತಿದ್ದರು. ಒಂದು ಗಂಟೆ ಇಂಜಿನ್ ಗುಡುಗುಟ್ಟಿತು, ನಿಲ್ಲಲಿಲ್ಲ. ಪೈಪನ್ನು ಮತ್ತೆ ಟ್ಯಾಂಕಿಗೆ ಜೋಡಿಸಿದಳು.

"ಹತ್ತೊಂಬತ್ತು" ಎಂದರು ಮೇಷ್ಟರು. ಇಂಜಿನ್ ನಿಂತಿತ್ತು.

"ಸಿಕ್ಕಿಬಿದ್ದ ಕಳ್ಳ!" ಎಂದು ಆಕೆ ತೊಡೆ ತಟ್ಟಿದಳು. "ಇಂಜಿನ್ನಲ್ಲಿ ಏನೂ ಇಲ್ಲ ಮೇಷ್ಟ್ರೇ. ಪೈಪು ಹೊಸದು. ಏನಿದ್ರೂ ಟ್ಯಾಂಕಿನ ಒಳಗೇ. ನೀವು ಮನೆಗೆ ಹೋಗಿ ಊಟ ಮಾಡಿ, ನಾನು ಬಿಚ್ತೀನಿ."

ಮೇಷ್ಟರು ಹೋದ ಮೇಲೆ ಟ್ಯಾಂಕಿನ ನೆತ್ತಿಯ ತಟ್ಟೆಯ ಆರು ಸ್ಕ್ರೂ ತೆಗೆದಳು. ಡೀಸೆಲ್ ಹೀರುವ ಕೊಳವೆ ಆ ತಟ್ಟೆಗೇ ಬೆಸೆದಿತ್ತು. ಮೆಲ್ಲಗೆ ಮೇಲೆತ್ತಿದಳು. ಕೊಳವೆಯ ತುದಿಗೆ ಹೆಬ್ಬೆರಳಿನ ಗಾತ್ರದ ಏನೋ ಕಪ್ಪಾದದ್ದು. ಬಟ್ಟೆಯಿಂದ ಒರೆಸಿದಳು. ಲೋಳೆಯಂಥ ಕೆಸರು ಕಿತ್ತುಬಂತು. ಕೆಳಗೆ ಹಿತ್ತಾಳೆಯ ಸಣ್ಣ ಜಾಲರಿ, ಟೊಪ್ಪಿಗೆಯಂತೆ ಮಡಿಸಿ ತಾಮ್ರದ ತಂತಿಯಿಂದ ಬಿಗಿದದ್ದು. ಇಂಜಿನ್ ಹೀರುತ್ತಿದ್ದಂತೆ ತಳದ ಕೆಸರೆಲ್ಲ ಬಂದು ಜಾಲರಿಗೆ ಅಂಟಿ ಕಣ್ಣು ಮುಚ್ಚುತ್ತಿತ್ತು, ಇಂಜಿನ್ ನಿಂತ ಮೇಲೆ ಕಳಚಿ ಕೆಳಗೆ ಬೀಳುತ್ತಿತ್ತು. ಒಗಟು ಬಿಡಿಸಿದ ಖುಷಿಗೆ ಆಕೆ ನಕ್ಕಳು.

"ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ? ಕೈಗೆ ಸಿಕ್ಕಿದ್ರೆ..."

ಮಾತು ಅಲ್ಲೇ ನಿಂತಿತು. ತಂತಿಯನ್ನು ಮೂರು ಸುತ್ತು ತಿರುವಿ, ತುದಿ ಯಾರಿಗೂ ಚುಚ್ಚದಿರಲೆಂದು ಒಳಕ್ಕೆ ಮಡಚಿತ್ತು. ದಕ್ಕೆಯಲ್ಲಿ ಹಾಗೆ ಮಡಚುವವಳು ಒಬ್ಬಳೇ. ಹನ್ನೊಂದು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಬಂದರಿಗೆ ಕಸ ತುಂಬಿದ ಡೀಸೆಲ್ ಬಂದಿತ್ತು. ಮೇಷ್ಟರ ಇಂಜಿನ್ನಿಗೆ ಏನೂ ಆಗದಿರಲೆಂದು ತಾನೇ ಈ ಟೊಪ್ಪಿಗೆ ಮಾಡಿ ಗುಟ್ಟಾಗಿ ತೊಡಿಸಿದ್ದಳು. ತಿಂಗಳು ಬಿಟ್ಟು ತೆಗೆದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು. ಚೀಟಿ ಇದ್ದಿದ್ದರೆ ನೆನಪಾಗುತ್ತಿತ್ತು.

ಸಂಜೆ ಅಟ್ಟ ಹತ್ತಿ ಗಂಡನ ಮುಂದೆ ಜಾಲರಿ ಇಟ್ಟಳು. ಅವನು ಕಥೆಯೆಲ್ಲ ಕೇಳಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಮುಖ ನೋಡಿ ನಗು ನುಂಗಿದ.

"ಅದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯ? ತೆಗೆದಾಯ್ತಲ್ಲ. ಟ್ಯಾಂಕ್ ತೊಳಿ, ಅದನ್ನ ಗುಜರಿಗೆ ಎಸಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲ."

"ನೀನು ಬಾಯಿ ಬಿಟ್ರೆ ಮೇಷ್ಟ್ರು ಜನ್ಮದಲ್ಲಿ ನಿನ್ನ ಮುಖ ನೋಡಲ್ಲ. ಅವರ ಸ್ವಭಾವ ಗೊತ್ತಿಲ್ವಾ?"

"ಅದಕ್ಕೇ ಭಯ ಕಣ್ರೀ" ಎಂದಳು. "ಹೇಳಿದ್ರೂ ಕಷ್ಟ, ಬಿಟ್ರೂ ಕಷ್ಟ. ತಪ್ಪು ಮಾಡಿದೆ ಅನ್ನೋದು ಸುಲಭ. ನಿಮಗೆ ಗೊತ್ತಿಲ್ಲದ ಹಾಗೆ ಇಪ್ಪತ್ತು ವರ್ಷ ಉಪಕಾರ ಮಾಡಿದೆ ಅನ್ನೋದಿದೆಯಲ್ಲ, ಆ ಮನುಷ್ಯಂಗೆ ಅದು ಕೆನ್ನೆಗೆ ಹೊಡೆದ ಹಾಗೆ. ಆದ್ರೆ ಇನ್ನೂ ಏನೇನೋ ತುರುಕಿದ್ದೀನಿ ಆ ದೋಣೀಲಿ. ನಾಳೆ ಇನ್ನೊಂದು ಕೈ ಕೊಟ್ರೆ? ಅವರಿಬ್ಬರೇ ಇರ್ತಾರೆ ನೀರಿನ ಮೇಲೆ."

ಗಂಡ ಸೂಜಿಗೆ ದಾರ ಪೋಣಿಸತೊಡಗಿದ. ಇವಳು ಇಷ್ಟು ಮೆತ್ತಗೆ ಮಾತಾಡಿದರೆ ವಾದ ಮಾಡಿ ಪ್ರಯೋಜನವಿಲ್ಲ ಎಂಬುದು ಅವನಿಗೆ ಗೊತ್ತು.

ಗುರುವಾರವೆಲ್ಲ ಟ್ಯಾಂಕು ಬರಿದು ಮಾಡಿ, ತೋಳು ಮುಳುಗಿಸಿ ತಳ ಉಜ್ಜಿದಳು. ಶುಕ್ರವಾರ ಬೆಳಿಗ್ಗೆ, ತೊಳೆದರೂ ಡೀಸೆಲ್ ನಾರುವ ಕೈಯಲ್ಲಿ ಜಾಲರಿ ಹಿಡಿದು ಮೇಷ್ಟರ ಮನೆಯ ಎರಡನೇ ಮಹಡಿ ಹತ್ತಿದಳು. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಚೂಪು ಮಾಡಿಟ್ಟ ಐದು ಪೆನ್ಸಿಲು, ಗೋಡೆಯ ಮೇಲೆ ಸಮುದ್ರದ ನಕಾಶೆ. ಕೂರಲು ಹೇಳಿದರೂ ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಒಳಗಿನಿಂದ ಬಂದ ಮೇಷ್ಟರ ಹೆಂಡತಿ ಬಾಗಿಲಲ್ಲೇ ನಿಂತರು.

ಮೇಷ್ಟರು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬೇರೆ ಏನೇನು ಮಾಡಿದ್ದೀಯ?" ಕೇಳಿದ ದನಿಯಲ್ಲಿ ಸಿಟ್ಟಿತ್ತು.

"ಅದೂ ಇದೂ ಸ್ವಲ್ಪ..."

"ಅದೂ ಇದೂ ಅಂದ್ರೆ ಉತ್ತರ ಅಲ್ಲ. ಕೂತ್ಕೊಂಡು ಬರಿ."

ಐವತ್ತೆಂಟರ ಹೆಂಗಸು, ನಪಾಸಾದ ಹುಡುಗಿಯಂತೆ ಆ ಮೇಜಿನ ಮುಂದೆ ಕೂತು ಬರೆದಳು. ರಬ್ಬರು, ಬೆಲ್ಟು, ಗಟ್ಟಿ ಹಗ್ಗದ ಕೊಂಡಿ, ದೀಪದ ತಂತಿ. ಹಾಳೆಯ ಒಂದು ಬದಿ ತುಂಬಿ ಇನ್ನೊಂದು ಬದಿಗೆ ತಿರುಗಿತು. ಮೇಷ್ಟರ ಹೆಂಡತಿ ಹಿಂದಿನಿಂದ ಇಣುಕಿ, "ಅಯ್ಯೋ ರಾಮಾ, ಇದೇನು ದೋಣಿನೋ, ನಿನ್ನ ಷೆಡ್ಡೋ!" ಎಂದರು. ಯಾರೂ ನಗಲಿಲ್ಲ.

ಮೇಷ್ಟರು ಪಟ್ಟಿಯನ್ನು ಎರಡು ಸಲ ಓದಿದರು. "ನನ್ನ ದೋಣಿ ನಂಗೆ ಬೆರಳ ತುದೀಲಿ ಗೊತ್ತು ಅಂತ ತಿರುಗ್ತಿದ್ದೆ. ಚೆನ್ನಾಗಿ ಬೆಪ್ಪು ಮಾಡಿದೆ ಕಣಮ್ಮ" ಎಂದರು. "ನಾಳೆ ಒಂಬತ್ತಕ್ಕೆ ಬಾ." ಅಷ್ಟೇ. ಟೀ ಕುಡಿ ಎನ್ನಲಿಲ್ಲ, ಮೆಟ್ಟಿಲ ತನಕ ಬರಲಿಲ್ಲ. ಬೀದಿಗಿಳಿದ ಗುಳ್ಳೆಯಕ್ಕನಿಗೆ ಅಳು ಬಂತು. ಅತ್ತಳು ಕೂಡ, ಒಂದು ಅಂಗಡಿಯ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಹೋದಳು.

ಶನಿವಾರ ಸೀಟಿ ಸಾಹೇಬ ಐದು ನಿಮಿಷ ಮೊದಲೇ ಬಂದು ದೋಣಿಯ ಹಾಯಿಕಂಬಕ್ಕೆ ಒರಗಿ ಕೂತ. ಮೇಷ್ಟರ ಹೆಂಡತಿ ಚುಕ್ಕಾಣಿ ಹಿಡಿದರು. ದೋಣಿ ನಡೆಸುವುದರಲ್ಲಿ ಆಕೆಯೇ ಗಂಡನಿಗಿಂತ ಒಂದು ಕೈ ಮೇಲು. ಮೇಷ್ಟರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಗುಳ್ಳೆಯಕ್ಕ ಇಂಜಿನ್ ಮುಚ್ಚಳ ತೆರೆದು ಅದರ ಪಕ್ಕ ಮಂಡಿಯೂರಿದಳು. ಅಲ್ಲಿ ಆಕೆಗೆ ಅಚ್ಚರಿ ಕಾದಿತ್ತು. ಮುಚ್ಚಳದ ಒಳಮೈಯಲ್ಲಿ, ಹಳೆಯ ಚೀಟಿಗಳ ಪಕ್ಕದಲ್ಲಿ, ನಿನ್ನೆ ಬರೆದ ಪಟ್ಟಿಯನ್ನು ನಾಲ್ಕು ಮೂಲೆಗೂ ಅಂಟು ಹಚ್ಚಿ ಅಂಟಿಸಿತ್ತು. ಅದರ ಹಿಂಬದಿಯಲ್ಲಿದ್ದುದನ್ನು ಮೇಷ್ಟರ ದುಂಡು ಅಕ್ಷರದಲ್ಲಿ ಇನ್ನೊಂದು ಹಾಳೆಗೆ ನಕಲು ಮಾಡಿತ್ತು. ಆಕೆ ಇಂಜಿನ್ ಚಾಲೂ ಮಾಡಿದಳು.

ಹತ್ತು ನಿಮಿಷ. ಹದಿನೈದು. ಬಂದರಿನ ಬಾಯಿ ಬಂತು. ಹದಿನೆಂಟು. "ಹತ್ತೊಂಬತ್ತು" ಎಂದರು ಮೇಷ್ಟರು, ಮೆಲ್ಲಗೆ. ಇಂಜಿನ್ನಿನ ತಾಳ ಒಂದಿಷ್ಟೂ ತಪ್ಪಲಿಲ್ಲ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ನಲವತ್ತಕ್ಕೆ ಸೀಟಿ ಸಾಹೇಬ ಎದ್ದು, "ಸಾಕು ಸಾಕು, ನಂಗೆ ವಾಂತಿ ಬರ್ತಿದೆ, ತಿರುಗ್ಸಿ" ಎಂದು ಕೈ ಮುಗಿದ. "ನಿಮ್ಮ ದೋಣಿ ಇದ್ದಲ್ಲೇ ಇರ್ಲಿ ಸರ್."

ಮೇಷ್ಟರ ಹೆಂಡತಿ ಹೋ ಎಂದು ಕೂಗಿ, ಕೂತಲ್ಲಿಂದ ಒಂದೇ ಸಲಕ್ಕೆ ಎದ್ದು ನಿಂತು ದಡದ ಕಡೆ ಕೈ ಬೀಸಿದರು. ದಡದಲ್ಲಿ ಯಾರೂ ಇರಲಿಲ್ಲ, ಆದರೂ ಬೀಸಿದರು. "ನೋಡ್ದೆಯಾ ಸಾಹೇಬಾ, ನನ್ನ ಮಂಡಿ! ಮನೇಲಿ ಕುರ್ಚಿಯಿಂದ ಏಳೋಕೆ ಇವರ ಕೈ ಬೇಕು. ದೋಣಿಗೆ ಬಂದ್ರೆ ಹದಿನೆಂಟರ ಹುಡುಗಿ. ಸಮುದ್ರದ ಗಾಳಿ ಕಣಯ್ಯ, ಯಾವ ಔಷಧೀನೂ ಬೇಡ!"

ಇಂಜಿನ್ ಸದ್ದಿನ ಮರೆಯಲ್ಲಿ ಮೇಷ್ಟರು ಬಂದು ಗುಳ್ಳೆಯಕ್ಕನ ಪಕ್ಕ ಬಗ್ಗಿದರು.

"ಪಟ್ಟಿ ಪೂರ್ತಿ ಬರೆದಿದ್ದೀಯಾ?"

ಆಕೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಮೇಷ್ಟ್ರೇ. ಒಂದು ಬಿಟ್ಟಿದ್ದೀನಿ. ಅಮ್ಮ ಹಿಂದೆ ನಿಂತು ಓದ್ತಾ ಇದ್ರು, ಅದಕ್ಕೇ."

"ಅವಳು ಕೂರೋ ಹಲಗೆ ತಾನೇ?"

ಗುಳ್ಳೆಯಕ್ಕ ತಿರುಗಿ ಮೇಷ್ಟರ ಮುಖ ನೋಡಿದಳು. ಐದು ವರ್ಷದ ಹಿಂದೆ, ಮಂಡಿ ನೋವಿನ ಮುದುಕಿ ಏಳಲು ಪಡುತ್ತಿದ್ದ ಪಾಡು ನೋಡಲಾರದೆ, ಆ ಹಲಗೆಯ ಕೆಳಗೆ ಮರದ ತುಂಡು ಕೊಟ್ಟು ನಾಲ್ಕು ಬೆರಳು ಎತ್ತರಿಸಿದ್ದಳು. ಕೂತವರಿಗೂ ತಿಳಿಯದಂತೆ, ಆ ತುಂಡು ಮರೆಯಾಗುವ ಹಾಗೆ ಮುಂದೆ ಒಂದು ಮರದ ಪಟ್ಟಿಯನ್ನೂ ಹೊಡೆದಿದ್ದಳು.

"ನಿಮಗೆ... ಯಾವಾಗ ಗೊತ್ತಾಯ್ತು?"

"ನೀನು ಮಾಡಿದ ವಾರಾನೇ ಅಳತೆ ತೆಗೆದೆ. ಗಣಿತದ ಮೇಷ್ಟ್ರು ಕಣಮ್ಮ ನಾನು, ನಾಲ್ಕು ಬೆರಳು ಕಣ್ಣಿಗೆ ಬೀಳಲ್ವಾ?" ಮೇಷ್ಟರು ಹೆಂಡತಿಯ ಕಡೆ ಒಮ್ಮೆ ನೋಡಿದರು. "ಬಿಲ್ಲು ಕೇಳೋಕೆ ಅಂತ ನಿನ್ನ ಷೆಡ್ಡಿನ ಬಾಗಿಲ ತನಕ ಬಂದಿದ್ದೆ. ಅವಳ ಖುಷಿ ನೆನೆದು ಕೇಳೋಕೆ ಆಗ್ಲಿಲ್ಲ. ವಾಪಸ್ ಹೋದೆ."

ಗುಳ್ಳೆಯಕ್ಕನಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಿ ಮೂಗಿಗೆಲ್ಲ ಕರಿ ಬಳಿದುಕೊಂಡಳು. ಹಿಂದಿನಿಂದ ಮೇಷ್ಟರ ಹೆಂಡತಿ, "ಅಲ್ಲೇನು ಗುಸುಗುಸು? ಮತ್ತೆ ನಿಲ್ಲುತ್ತಾ ಇದು?" ಎಂದು ಕೂಗಿದರು.

"ನಿಲ್ಲಲ್ಲ" ಎಂದು ಮೇಷ್ಟರು ಕೂಗಿ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಹಲಗೆಗೆ ಚೀಟಿ ಬೇಡ" ಎಂದು, ಇಂಜಿನ್ ಮುಚ್ಚಳವನ್ನು ತಾವೇ ಮುಚ್ಚಿದರು.